ಮೇಯರ್ಸನ್ ವಿದ್ಯಮಾನ

ಮಚ್ಚೆಯೇ ಮೊದಲಾದ ಸೌಮ್ಯ ಚರ್ಮ ಬೆಳವಣಿಗೆಗಳ ಮೇಲೆ ಮತ್ತು ಸುತ್ತ ಇಸಬನ್ನು ಹೋಲುವ ಉರಿಯೂತ ಉಂಗುರದ ಆಕಾರದಲ್ಲಿ ಏಳುವ ಸ್ಥಿತಿಗೆ ಮೇಯರ್ಸನ್ ವಿದ್ಯಮಾನ ಎಂದು ಹೆಸರು. ಉರಿಯೂತ ತನ್ನಷ್ಟಕ್ಕೆ ಅಪಾಯಕಾರಿಯಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಶಮನವಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಮಚ್ಚೆ ಇದ್ದಕ್ಕಿದ್ದಂತೆ ತುರಿಸಿ ಕೆಂಪಾಗುವುದರಿಂದ ಕ್ಯಾನ್ಸರಿನ ಅಂಜಿಕೆ ಹುಟ್ಟುತ್ತದೆ. ಅದರಿಂದ ಬೇಡದ ಶಸ್ತ್ರಕ್ರಿಯೆಗಳು ನಡೆಯುವುದೂ ಉಂಟು. ಇಸಬು ಮುಚ್ಚಿದ್ದ ನಿಜವಾದ ಕ್ಯಾನ್ಸರ್ ಕಣ್ತಪ್ಪುವ ಸಂಭವವೂ ಅಪರೂಪವಾಗಿ ಇದೆ. ಈ ಸ್ಥಿತಿಯ ವೈದ್ಯಕೀಯ ಮಹತ್ವ ಇರುವುದು ಇವೆರಡರಲ್ಲಿ.

ಪರಿಭಾಷೆ

ಮೆಲನೊಸೈಟ್ ಮಚ್ಚೆಯ ಸುತ್ತ ಇಸಬು ಬಂದಾಗ ಅದನ್ನು ಮೇಯರ್ಸನ್ ಮಚ್ಚೆ ಎನ್ನುತ್ತಾರೆ. ಅದೇ ಬಗೆಯ ಉರಿಯೂತ ಬೇರೆ ಬೆಳವಣಿಗೆಗಳ ಸುತ್ತ ಬಂದಾಗ ಮೇಯರ್ಸನ್ ವಿದ್ಯಮಾನ ಎಂಬ ವಿಶಾಲ ಹೆಸರು ಬಳಕೆಯಲ್ಲಿದೆ. ವಲಯ ಇಸಬು ಎಂಬುದು ಇದರ ಪರ್ಯಾಯನಾಮ. ಈ ಲೇಖನದಲ್ಲಿ ಮಚ್ಚೆ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳು ಒಂದೆಡೆ ಗುಂಪುಗೂಡಿ ಉಂಟಾದ ಕಪ್ಪು ಅಥವಾ ಕಂದು ಗುರುತು. ಇಸಬು ಎಂದರೆ ತುರಿಕೆ, ಕೆಂಪು, ಹೊಟ್ಟು ಮತ್ತು ಕೆಲವೊಮ್ಮೆ ರಸ ಸೋರುವಿಕೆ ಇರುವ, ಸೋಂಕಿನಿಂದ ಬಾರದ ಚರ್ಮದ ಉರಿಯೂತ. ಸೌಮ್ಯ ಬೆಳವಣಿಗೆ ಎಂದರೆ ಕ್ಯಾನ್ಸರ್ ಅಲ್ಲದ, ಅಕ್ಕಪಕ್ಕದ ಅಂಗಾಂಶವನ್ನು ಕೊರೆದು ಹರಡದ ಬೆಳವಣಿಗೆ. ಆಡುಮಾತಿನಲ್ಲಿ ಗಜಕರ್ಣ, ಹುಳುಕಡ್ಡಿ ಎಂದು ಕರೆಯುವ ಶಿಲೀಂಧ್ರ ಸೋಂಕು ಇಸಬಲ್ಲ. ಅದರ ಕಾರಣವೂ ಚಿಕಿತ್ಸೆಯೂ ಬೇರೆ.

ಇತಿಹಾಸ

ಮಚ್ಚೆಯ ಸುತ್ತ ವಲಯ ಮೂಡುವ ಸ್ಥಿತಿಗಳಲ್ಲಿ ಮೊದಲು ಗುರುತಿಗೆ ಬಂದದ್ದು ಬಿಳಿವಲಯ ಮಚ್ಚೆ. ಅಮೆರಿಕದ ಚರ್ಮವೈದ್ಯ ರಿಚರ್ಡ್ ಸಟನ್ ಅದನ್ನು 1916ರಲ್ಲಿ ವಿವರಿಸಿದ. ಅದರಲ್ಲಿ ಮಚ್ಚೆಯ ಸುತ್ತಲ ಚರ್ಮ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. 1971ರಲ್ಲಿ ಅಮೆರಿಕದ ಲಾರೆನ್ಸ್ ಮೇಯರ್ಸನ್ ಇಬ್ಬರು ಆರೋಗ್ಯವಂತ ಪುರುಷರಲ್ಲಿ ಬೇರೊಂದು ಚಿತ್ರ ಕಂಡ. ಮುಂಡ ಮತ್ತು ಕೈಕಾಲುಗಳ ಮೇಲ್ಭಾಗದಲ್ಲಿದ್ದ ಮಚ್ಚೆಗಳ ಸುತ್ತ ತುರಿಸುವ, ಹೊಟ್ಟು ಉದುರುವ ಕೆಂಪು ವಲಯಗಳಿದ್ದವು. ಚರ್ಮ ಎಲ್ಲಿಯೂ ಬೆಳ್ಳಗಾಗಿರಲಿಲ್ಲ. ಅವನ ವರದಿ ಚರ್ಮವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು, ಸ್ಥಿತಿಗೆ ಅವನ ಹೆಸರೇ ನಿಂತಿತು.

1985ರಲ್ಲಿ ಬ್ರೆನನ್, ಕೊಸಾರ್ಡ್ ಮತ್ತು ಕ್ರಿವಾನೆಕ್ ವಲಯ ಇಸಬು ಎಂಬ ಹೆಸರಿನಡಿ ಇಂಥ ಪ್ರಕರಣಗಳನ್ನು ದಾಖಲಿಸಿದರು. 1988ರಲ್ಲಿ ನಿಕೋಲ್ಸ್ ಮತ್ತು ಮೇಸನ್ ಮೇಯರ್ಸನ್ ಮಚ್ಚೆ ಎಂಬ ಹೆಸರನ್ನು ಬ್ರಿಟನ್ನಿನ ಚರ್ಮವಿಜ್ಞಾನ ಸಾಹಿತ್ಯದಲ್ಲಿ ರೂಢಿಗೆ ತಂದರು. 1996ರಲ್ಲಿ ಎಲೆನಿಟ್ಸಾಸ್ ಮತ್ತು ಹಾಲ್ಪರ್ನ್ ಅಸಹಜ ರಚನೆಯ ಮಚ್ಚೆಗಳ ಸುತ್ತಲೂ ಇದೇ ಪ್ರತಿಕ್ರಿಯೆ ಏಳುವುದನ್ನು ತೋರಿಸಿದರು. ರೋಗನಿರೋಧವನ್ನು ಪ್ರಚೋದಿಸುವ ಇಂಟರ್ಫೆರಾನ್ ಆಲ್ಫಾ-2ಬಿ ಔಷಧದ ಚಿಕಿತ್ಸೆ ಪಡೆಯುತ್ತಿದ್ದ ರೋಗಿಯಲ್ಲಿ ಮೇಯರ್ಸನ್ ಮಚ್ಚೆಗಳು ಕಾಣಿಸಿಕೊಂಡ ವರದಿ 1999ರಲ್ಲಿ ಬಂತು. ಮಚ್ಚೆಯಲ್ಲದ ಬೆಳವಣಿಗೆಗಳ ಸುತ್ತಲ ಇಸಬಿನ ವರದಿಗಳೂ ಸೇರುತ್ತ ಹೋದಂತೆ ಹೆಸರಿನ ವ್ಯಾಪ್ತಿ ಮಚ್ಚೆಯನ್ನು ದಾಟಿ ವಿಸ್ತರಿಸಿತು.

ಕಾರಣ ಮತ್ತು ರೋಗೋತ್ಪತ್ತಿ

ಮೂಲ ಕಾರಣ ಇನ್ನೂ ಸ್ಥಿರಪಟ್ಟಿಲ್ಲ. ಬೆಳವಣಿಗೆಯೊಳಗಿನ ಯಾವುದೋ ಪ್ರತಿಜನಕದ ವಿರುದ್ಧ ದೇಹದ ರೋಗನಿರೋಧ ವ್ಯವಸ್ಥೆ ಎಚ್ಚರಗೊಂಡು ಉರಿಯೂತ ಹುಟ್ಟಿಸುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಉರಿಯೂತದ ಜಾಗದಲ್ಲಿ ಸೇರುವ ಕೋಶಗಳಲ್ಲಿ ಸಿಡಿ4 ಜಾತಿಯ ಟಿ-ಲಸಿಕಾಕೋಶಗಳು ಪ್ರಧಾನ. ಈ ಕೋಶಗಳು ಅಂಟಿ ನಿಲ್ಲಲು ನೆರವಾಗುವ ಐಕ್ಯಾಮ್-1 ಎಂಬ ಅಣುವಿನ ಪ್ರಮಾಣವೂ ಅಲ್ಲಿ ಏರಿರುತ್ತದೆ. ಬಿಳಿವಲಯ ಮಚ್ಚೆಯಲ್ಲಿ ಪ್ರಧಾನವಾಗಿ ಇರುವುದು ಸಿಡಿ8 ಜಾತಿಯ ಕೋಶಗಳು. ಅವು ಮೆಲನೊಸೈಟುಗಳನ್ನೇ ನಾಶಮಾಡುವುದರಿಂದ ಅಲ್ಲಿ ಬಣ್ಣ ಹೋಗಿ ಮಚ್ಚೆ ಕರಗುತ್ತದೆ. ಮೇಯರ್ಸನ್ ಮಚ್ಚೆಯಲ್ಲಿ ಅಂಥ ನಾಶ ಸಾಮಾನ್ಯವಾಗಿ ನಡೆಯದ ಕಾರಣ ಇಸಬು ಇಳಿದ ಮೇಲೂ ಮಚ್ಚೆ ಉಳಿಯುತ್ತದೆ.

ಕೆಲವರಲ್ಲಿ ತೀವ್ರ ಬಿಸಿಲಿಗೆ ಮೈಯೊಡ್ಡಿದ ಬಳಿಕ, ಇನ್ನು ಕೆಲವರಲ್ಲಿ ಇಂಟರ್ಫೆರಾನ್ ಚಿಕಿತ್ಸೆಯ ಅವಧಿಯಲ್ಲಿ ಇದು ಕಾಣಿಸಿಕೊಂಡಿದೆ. ಬಾಲ್ಯದ ಇಸಬು, ಉಬ್ಬಸ, ಅಲರ್ಜಿಯ ನೆಗಡಿ ಮುಂತಾದ ಅಟೋಪಿ ಪ್ರವೃತ್ತಿ ಕೆಲವು ರೋಗಿಗಳಲ್ಲಿ ಇರುತ್ತದೆ. ಅದು ಇಲ್ಲದವರಲ್ಲಿಯೂ ವಲಯ ಇಸಬು ಬರುವುದರಿಂದ ಅಟೋಪಿಯನ್ನು ಅನಿವಾರ್ಯ ಕಾರಣವೆಂದು ಪರಿಗಣಿಸುವುದಿಲ್ಲ.

ಲಕ್ಷಣಗಳು

ಈ ಸ್ಥಿತಿ ಹರೆಯದವರಲ್ಲಿ ಮತ್ತು ನಡುವಯಸ್ಸಿನೊಳಗಿನವರಲ್ಲಿ ಹೆಚ್ಚು. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಮಕ್ಕಳಲ್ಲಿಯೂ ಉಂಟು. ಎದೆ, ಬೆನ್ನು, ಹೊಟ್ಟೆ, ತೋಳು, ತೊಡೆಗಳು ಸಾಮಾನ್ಯ ಜಾಗಗಳು. ಒಂದೇ ಮಚ್ಚೆಯ ಸುತ್ತ ಬರಬಹುದು, ಏಕಕಾಲಕ್ಕೆ ಹಲವು ಮಚ್ಚೆಗಳ ಸುತ್ತಲೂ ಬರಬಹುದು. ಅದೇ ಮೈಮೇಲೆ ಉಳಿದ ಮಚ್ಚೆಗಳು ಏನೂ ಆಗದೆ ಇರುವುದು ಇದರ ಒಂದು ವೈಶಿಷ್ಟ್ಯ.

ಮೊದಲು ತುರಿಕೆ, ಬಳಿಕ ಕೆಂಪು ಮತ್ತು ಹೊಟ್ಟು ಕಾಣುತ್ತವೆ. ವಲಯದ ಅಂಚು ಸ್ಪಷ್ಟವಾಗಿರುತ್ತದೆ, ಮಚ್ಚೆ ಸುಮಾರಾಗಿ ನಡುವಿನಲ್ಲಿರುತ್ತದೆ. ತೀವ್ರವಾದಾಗ ಸಣ್ಣ ನೀರ್ಗುಳ್ಳೆ, ರಸ ಸೋರುವಿಕೆ, ಹಳದಿ ಹಕ್ಕಳೆ ಸೇರಿಕೊಳ್ಳುತ್ತವೆ. ಕೆರೆದರೆ ರಕ್ತ ಒಸರಬಹುದು, ಬ್ಯಾಕ್ಟೀರಿಯಾ ಸೋಂಕು ತಗುಲಬಹುದು.

ಕಂದು ಮತ್ತು ಕಪ್ಪು ಚರ್ಮದಲ್ಲಿ ಉರಿಯೂತದ ಕೆಂಪು ಎದ್ದು ಕಾಣುವುದಿಲ್ಲ. ವಲಯ ನೇರಳೆ, ಬೂದು ಅಥವಾ ಗಾಢ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇದರಿಂದ ಮಚ್ಚೆಯೇ ದೊಡ್ಡದಾಯಿತು ಎಂಬ ಭ್ರಮೆ ಉಂಟಾಗುತ್ತದೆ. ಇಸಬು ಹೋದ ಮೇಲೆ ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ, ಕೆಲವೊಮ್ಮೆ ತಿಳಿಯಾಗಿ ಉಳಿಯುತ್ತದೆ. ಇದು ಉರಿಯೂತೋತ್ತರ ಬಣ್ಣಬದಲಾವಣೆ, ಕಲೆ ನಿಧಾನವಾಗಿ ಮಾಸುತ್ತದೆ.

ಸೂಕ್ಷ್ಮರಚನೆ

ಸೂಕ್ಷ್ಮದರ್ಶಕದಡಿ ಇಸಬಿನ ರಚನೆಯೇ ಕಾಣುತ್ತದೆ. ಹೊರಚರ್ಮದ ಕೋಶಗಳ ನಡುವೆ ದ್ರವ ತುಂಬಿ ಅವು ಪರಸ್ಪರ ದೂರ ಸರಿದಿರುತ್ತವೆ. ಇದಕ್ಕೆ ಸ್ಪಂಜಿಯೋಸಿಸ್ ಎಂದು ಹೆಸರು. ಹೊರಚರ್ಮ ದಪ್ಪವಾಗಿರುತ್ತದೆ. ಮೇಲಿನ ಕೊಂಬುಪದರದ ಕೋಶಗಳಲ್ಲಿ ಇರಬಾರದ ಕೋಶಕೇಂದ್ರಗಳು ಉಳಿದಿರುತ್ತವೆ. ಒಳಚರ್ಮದ ರಕ್ತನಾಳಗಳ ಸುತ್ತ ಲಸಿಕಾಕೋಶಗಳು ಮತ್ತು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ನೆರೆದಿರುತ್ತವೆ. ಇವೆಲ್ಲದರ ನಡುವೆ ಮೂಲ ಬೆಳವಣಿಗೆಯ ಕೋಶಗಳು ತಮ್ಮ ಸಹಜ ಜೋಡಣೆಯಲ್ಲೇ ಇರುತ್ತವೆ. ಮಚ್ಚೆಯು ಒಳಚರ್ಮದಲ್ಲಿರಲಿ, ಹೊರಚರ್ಮ ಒಳಚರ್ಮಗಳ ಸಂಧಿಯಲ್ಲಿರಲಿ, ಎರಡೂ ಕಡೆ ಇರಲಿ, ಪ್ರತಿಕ್ರಿಯೆಯ ಸ್ವರೂಪ ಒಂದೇ.

ಬಗೆಗಳು

ಇಸಬು ಯಾವ ಬೆಳವಣಿಗೆಯನ್ನು ಸುತ್ತುವರಿದಿದೆ ಎಂಬುದರ ಮೇಲೆ ವಿಂಗಡಣೆ ಮಾಡುತ್ತಾರೆ.

ಮೆಲನೊಸೈಟ್ ಮಚ್ಚೆ: ಅತಿ ಹೆಚ್ಚು ವರದಿಯಾದ ಬಗೆ. ಹುಟ್ಟಿನಿಂದ ಬಂದ ಮಚ್ಚೆ, ಬಳಿಕ ಮೂಡಿದ ಮಚ್ಚೆ, ಅಸಹಜ ರಚನೆಯ ಮಚ್ಚೆ ಮೂರರ ಸುತ್ತಲೂ ಕಂಡಿದೆ. ಮೇಯರ್ಸನ್ ಮಚ್ಚೆ ಮುಂದೆ ಬಿಳಿವಲಯ ಮಚ್ಚೆಯಾಗಿ ಬದಲಾದ ವಿರಳ ಉದಾಹರಣೆಗಳಿವೆ.

ಸೆಬೊರಿಯಾ ಕೆರಟೋಸಿಸ್: ನಡುವಯಸ್ಸು ದಾಟಿದವರ ಬೆನ್ನು, ಎದೆ, ಮುಖಗಳಲ್ಲಿ ಅಂಟಿಸಿಟ್ಟಂತೆ ಕಾಣುವ ಒರಟು ಕಂದು-ಕಪ್ಪು ಬೆಳವಣಿಗೆ. ಬಟ್ಟೆಯ ತಿಕ್ಕಾಟದಿಂದಲೂ ಇದು ಕೆಂಪಾಗುವುದುಂಟು. ಆ ಕೆಂಪನ್ನು ನಿಜವಾದ ವಲಯ ಇಸಬಿನಿಂದ ಬೇರ್ಪಡಿಸಬೇಕಾಗುತ್ತದೆ.

ಮೊಲಸ್ಕಮ್ ಇಸಬು: ಮೊಲಸ್ಕಮ್ ಕಂಟೇಜಿಯೋಸಮ್ ಎಂಬುದು ಪಾಕ್ಸ್ ಕುಟುಂಬದ ವೈರಸ್ಸಿನಿಂದ ಬರುವ, ನಡುವೆ ಕುಳಿಯಿರುವ ಮುತ್ತಿನ ಬಣ್ಣದ ಗುಳ್ಳೆ. ಮಕ್ಕಳಲ್ಲಿ ಸಾಮಾನ್ಯ. ಇಲ್ಲಿ ಸುತ್ತಲ ಇಸಬು ಅಂಟದಿದ್ದರೂ ಗುಳ್ಳೆ ಅಂಟುತ್ತದೆ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊಲಸ್ಕಮ್ ಇದ್ದ 696 ಎಳೆಯರ ಪೈಕಿ 270 ಮಂದಿಗೆ, ಅಂದರೆ ಶೇ. 38.8ರಷ್ಟು ಜನರಿಗೆ, ಸುತ್ತ ಇಸಬಿತ್ತು. ಗುಳ್ಳೆಯೇ ಕೆಂಪಾಗಿ ಊದಿಕೊಳ್ಳುವುದು ವೈರಸ್ಸಿನ ವಿರುದ್ಧ ದೇಹ ಎಚ್ಚೆತ್ತು ಸೋಂಕು ಕೊನೆಗೊಳ್ಳುತ್ತಿರುವುದರ ಸೂಚನೆಯಾಗಿರಬಹುದು. ವಯಸ್ಕರ ಮುಖದ ಮೇಲೆ ಬಹುಸಂಖ್ಯೆಯಲ್ಲಿ ಮೊಲಸ್ಕಮ್ ಕಂಡರೆ ಎಚ್‌ಐವಿ ಪರೀಕ್ಷೆ ಮಾಡಿಸುತ್ತಾರೆ.

ಇತರ ಬೆಳವಣಿಗೆಗಳು: ಚರ್ಮದ ನಾರುಗಂಟು, ಕೀಲಾಯ್ಡ್, ಲೆಂಟಿಗೊ ಎಂಬ ಚಪ್ಪಟೆ ಕಂದು ಚುಕ್ಕೆ, ತೈಲಗ್ರಂಥಿಯ ಜನ್ಮಮಚ್ಚೆ, ರಕ್ತನಾಳಗಳ ಜನ್ಮಮಚ್ಚೆ ಇವುಗಳ ಸುತ್ತಲೂ ವಲಯ ಇಸಬು ವರದಿಯಾಗಿದೆ.

ಕ್ಯಾನ್ಸರಿನ ಸುತ್ತ: ತಳಕೋಶ ಕ್ಯಾನ್ಸರ್, ಶಲ್ಕಕೋಶ ಕ್ಯಾನ್ಸರ್ ಮತ್ತು ಮೆಲನೊಸೈಟುಗಳ ಕ್ಯಾನ್ಸರಾದ ಮೆಲನೋಮದ ಸುತ್ತ ಇಂಥದೇ ಪ್ರತಿಕ್ರಿಯೆ ಬಹು ವಿರಳವಾಗಿ ಕಂಡಿದೆ. ಆದ್ದರಿಂದ ವಲಯ ಇಸಬು ಇದೆ ಎಂಬ ಒಂದೇ ಆಧಾರದಿಂದ ನಡುವಿನ ಬೆಳವಣಿಗೆ ಸೌಮ್ಯವೆಂದಾಗಲಿ ಕ್ಯಾನ್ಸರೆಂದಾಗಲಿ ತೀರ್ಮಾನಿಸುವಂತಿಲ್ಲ.

ಹೋಲುವ ಸ್ಥಿತಿಗಳು

ಬಿಳಿವಲಯ ಮಚ್ಚೆಯಲ್ಲಿ ತುರಿಕೆಯಾಗಲಿ ಹೊಟ್ಟಾಗಲಿ ಇರುವುದಿಲ್ಲ, ಸುತ್ತ ಬಣ್ಣ ಹೋಗಿರುತ್ತದೆ. ನಾಣ್ಯಾಕಾರದ ಇಸಬಿನ ನಡುವೆ ಮಚ್ಚೆ ಇರುವುದಿಲ್ಲ. ಪಿಟಿರಿಯಾಸಿಸ್ ರೋಸಿಯಾದಲ್ಲಿ ಮೊದಲೊಂದು ದೊಡ್ಡ ಪಟ್ಟೆ ಎದ್ದು, ಬಳಿಕ ಪಕ್ಕೆಲುಬಿನ ಓಟಕ್ಕೆ ಸರಿಯಾಗಿ ಸಣ್ಣ ಪಟ್ಟೆಗಳು ಮುಂಡದ ತುಂಬ ಹರಡುತ್ತವೆ. ಸೋರಿಯಾಸಿಸ್‌ನಲ್ಲಿ ಬೆಳ್ಳಿಬಣ್ಣದ ದಪ್ಪ ಹೊಟ್ಟು, ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಪಟ್ಟೆಗಳು ಇರುತ್ತವೆ. ಹುಳುಕಡ್ಡಿಯ ಉಂಗುರ ಹೊರಗೆ ಹರಡುತ್ತ ನಡುವೆ ತಿಳಿಯಾಗುತ್ತದೆ. ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಕುಷ್ಠದ ಪಟ್ಟೆಯಲ್ಲಿ ತುರಿಕೆಯಿರುವುದಿಲ್ಲ, ಸ್ಪರ್ಶಜ್ಞಾನ ಕುಂದಿರುತ್ತದೆ. ಸ್ಪರ್ಶಜನ್ಯ ಚರ್ಮದುರಿಯ ಆಕಾರವನ್ನು ತಗುಲಿದ ವಸ್ತು ನಿರ್ಧರಿಸುತ್ತದೆ.

ರೋಗನಿರ್ಣಯ

ಹೆಚ್ಚಿನ ಪ್ರಕರಣಗಳಲ್ಲಿ ಕಣ್ಣಳತೆಯ ಪರೀಕ್ಷೆಯೇ ಸಾಕಾಗುತ್ತದೆ. ಡರ್ಮೊಸ್ಕೋಪ್ ಎಂಬ ಬೆಳಕಿನ ವರ್ಧಕದಲ್ಲಿ ಚುಕ್ಕೆಯಂಥ ರಕ್ತನಾಳಗಳೂ ಹಳದಿ ರಸದ ಹಕ್ಕಳೆಯೂ ಕಾಣುತ್ತವೆ, ಅಡಿಯಲ್ಲಿರುವ ಮಚ್ಚೆಯ ಬಣ್ಣದ ಜಾಲ ಮಸುಕಾಗಿರುತ್ತದೆ. ಇಸಬು ಇಳಿದ ಮೇಲೆ ಜಾಲ ಮತ್ತೆ ಸ್ಪಷ್ಟವಾಗುತ್ತದೆ. ಹಾಗಾಗಿ ಮಚ್ಚೆಯ ಬಗೆಗಿನ ಕೊನೆಯ ಮಾತನ್ನು ಇಸಬು ಗುಣವಾದ ನಂತರದ ಮರುಪರೀಕ್ಷೆಗೆ ಬಿಡುವುದು ಕ್ರಮ.

ಬಯಾಪ್ಸಿ ಬೇಕಾಗುವುದು ಮಚ್ಚೆಯ ಗುಣಲಕ್ಷಣ ಅನುಮಾನ ಹುಟ್ಟಿಸಿದಾಗ. ಎರಡು ಅರ್ಧಗಳು ಒಂದನ್ನೊಂದು ಹೋಲದಿರುವುದು, ಅಂಚು ಕಚ್ಚುಕಚ್ಚಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣ, 6 ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ಕಾಲಕ್ರಮದಲ್ಲಿ ಬದಲಾವಣೆ ಇವು ಮೆಲನೋಮದ ಐದು ಎಚ್ಚರಿಕೆಯ ಸೂಚನೆಗಳು. ಹುಣ್ಣಾಗುವುದು, ತಾನಾಗಿಯೇ ರಕ್ತ ಬರುವುದು ಕೂಡ ತಜ್ಞರ ಪರೀಕ್ಷೆಗೆ ಕಾರಣಗಳು.

ಚಿಕಿತ್ಸೆ

ಚಿಕಿತ್ಸೆ ಇಸಬಿಗೆ, ಮಚ್ಚೆಗಲ್ಲ. ಮಧ್ಯಮ ಶಕ್ತಿಯ ಸ್ಟೀರಾಯ್ಡ್ ಲೇಪನವನ್ನು ವೈದ್ಯರ ಸಲಹೆಯಂತೆ ನಿಗದಿತ ಅವಧಿಗೆ, ಸಾಮಾನ್ಯವಾಗಿ ಒಂದೆರಡು ವಾರ, ತೆಳ್ಳಗೆ ಹಚ್ಚುತ್ತಾರೆ. ಮುಖ, ಕಂಕುಳು, ತೊಡೆಸಂದುಗಳಲ್ಲಿ ಸೌಮ್ಯ ಶಕ್ತಿಯ ಸ್ಟೀರಾಯ್ಡ್ ಅಥವಾ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಲೇಪನ ಬಳಸುತ್ತಾರೆ. ಚರ್ಮ ಒಣಗದಂತೆ ಮೃದುಕಾರಿ ಲೇಪನ, ತುರಿಕೆ ಹೆಚ್ಚಿದ್ದರೆ ಆಂಟಿಹಿಸ್ಟಮಿನ್ ಮಾತ್ರೆ, ಸೋಂಕು ಸೇರಿದ್ದರೆ ಪ್ರತಿಜೈವಿಕ ಕೊಡುತ್ತಾರೆ. ಮೂಲ ಬೆಳವಣಿಗೆ ಉಳಿದರೆ ಇಸಬು ಮರುಕಳಿಸಬಹುದು. ಬೆಳವಣಿಗೆಯನ್ನು ತೆಗೆದರೆ ಸುತ್ತಲ ಇಸಬು ಇಳಿಯುತ್ತದೆ. ಆದರೂ ಸಹಜವಾಗಿ ಕಾಣುವ ಮಚ್ಚೆಯನ್ನು ಇಸಬಿನ ಸಲುವಾಗಿಯೇ ತೆಗೆಯುವ ಅಗತ್ಯವಿಲ್ಲ. ತೆಗೆದದ್ದಾದರೆ ಅದನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳಿಸುವುದು ಕಡ್ಡಾಯ ಪದ್ಧತಿ.

ರೋಣ, ನರಗುಂದ ಮತ್ತು ಗಜೇಂದ್ರಗಡ ಪ್ರದೇಶ

ಈ ಸ್ಥಿತಿಯನ್ನು ಗುರುತಿಸುವಾಗ ಸ್ಥಳೀಯ ಪರಿಸರವನ್ನೂ ಗಮನಿಸಬೇಕಾಗುತ್ತದೆ; ಉತ್ತರ ಕರ್ನಾಟಕದ ಈ ಮೂರು ತಾಲ್ಲೂಕುಗಳು ಅದಕ್ಕೊಂದು ಉದಾಹರಣೆ. ಇವು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಗೆ ಸೇರಿವೆ. ಗಜೇಂದ್ರಗಡ ಮೊದಲು ರೋಣ ತಾಲ್ಲೂಕಿನ ಭಾಗವಾಗಿತ್ತು. ನೆಲ ಹೆಚ್ಚಾಗಿ ಎರೆಭೂಮಿ. ಬಿಳಿಜೋಳ, ಕಡಲೆ, ಹೆಸರು, ಹತ್ತಿ, ಉಳ್ಳಾಗಡ್ಡಿ, ಸೂರ್ಯಕಾಂತಿ ಮುಖ್ಯ ಬೆಳೆಗಳು. ನರಗುಂದದ ಹೊಲಗಳಿಗೆ ಮಲಪ್ರಭಾ ಕಾಲುವೆಯ ನೀರು ಬರುತ್ತದೆ.  ಹೊಲದಲ್ಲಿ ದಿನವಿಡೀ ಬಿಸಿಲು, ಧೂಳು, ಬೆವರುಗಳ ನಡುವೆ ನಡೆಯುವ ದುಡಿಮೆ ಇಲ್ಲಿನವರ ಚರ್ಮದ ಆರೋಗ್ಯವನ್ನು ರೂಪಿಸುವ ಮುಖ್ಯ ಅಂಶ. ಮೇಯರ್ಸನ್ ವಿದ್ಯಮಾನವನ್ನು ಇಲ್ಲಿ ಗುರುತಿಸುವಾಗ ಈ ಪರಿಸರದ ಇತರ ಚರ್ಮದುರಿಗಳನ್ನು ಬದಿಗೆ ಸರಿಸಿ ನೋಡಬೇಕಾಗುತ್ತದೆ.

ಅವುಗಳಲ್ಲಿ ಒಂದು ಪಾರ್ಥೇನಿಯಂ ಇಸಬು. ಕಾಂಗ್ರೆಸ್ ಕಸ ಎಂದು ಜನ ಕರೆಯುವ ಈ ಕಳೆ ಭಾರತದಲ್ಲಿ 1950ರ ದಶಕದ ನಡುಭಾಗದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಮುಂದೆ ದಖ್ಖನಿನ ಹೊಲ, ಬದು, ರಸ್ತೆಬದಿಗಳನ್ನೆಲ್ಲ ಆಕ್ರಮಿಸಿತು. ಅದರಲ್ಲಿರುವ ಪಾರ್ಥೆನಿನ್ ಮುಂತಾದ ರಾಸಾಯನಿಕಗಳು ಗಾಳಿಯಲ್ಲಿ ತೇಲಿಬಂದು ತಗುಲಿದಾಗ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಸುವ ಇಸಬು ಏಳುತ್ತದೆ. ಇದು ಮಚ್ಚೆಯನ್ನು ಆರಿಸಿಕೊಂಡು ಬರುವುದಿಲ್ಲ, ತೆರೆದ ಚರ್ಮವನ್ನೆಲ್ಲ ಆವರಿಸುತ್ತದೆ. ಕಡಲೆ ಗಿಡದ ಎಲೆಯ ಮೇಲಿನ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿದ್ದು, ಅದು ತಗುಲಿದ ಕೈಕಾಲುಗಳು ಉರಿಯುವುದೂ ಹೊಲದ ದುಡಿಮೆಗೆ ಸೇರಿದ್ದು.

ಎರಡನೆಯದು ಮನೆಮದ್ದಿನಿಂದ ಬರುವ ಗಾಯ. ನರೂಲಿ, ಮಚ್ಚೆಗಳನ್ನು ಉದುರಿಸಲೆಂದು ಸುಣ್ಣ, ಸೋಡಾ, ಎಕ್ಕೆಯ ಹಾಲು, ಬೆಳ್ಳುಳ್ಳಿ, ಗೇರೆಣ್ಣೆ ಹಚ್ಚುವುದು ಕರ್ನಾಟಕದ ಹಳ್ಳಿಗಳಲ್ಲಿ ರೂಢಿಯಲ್ಲಿದೆ. ಇವೆಲ್ಲ ಚರ್ಮವನ್ನು ಸುಡುವ ಅಥವಾ ಕೆರಳಿಸುವ ವಸ್ತುಗಳು. ಹಚ್ಚಿದ ಜಾಗದ ಸುತ್ತ ಏಳುವ ಉರಿ, ಗುಳ್ಳೆ, ಹಕ್ಕಳೆಗಳ ಉಂಗುರ ವಲಯ ಇಸಬನ್ನು ಬಹಳ ಹೋಲುತ್ತದೆ. ಆದ್ದರಿಂದ ಏನಾದರೂ ಹಚ್ಚಿದ್ದಿದೆಯೇ ಎಂಬ ಪ್ರಶ್ನೆ ಪರೀಕ್ಷೆಯ ಮೊದಲ ಪ್ರಶ್ನೆಗಳಲ್ಲಿ ಒಂದು. ಸುಟ್ಟ ಮಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ಸರಿಯಾಗಿ ಓದಲಾಗದು ಎಂಬುದು ಈ ರೂಢಿಯ ಇನ್ನೊಂದು ಹಾನಿ.

ಮೂರನೆಯದು ಅಂಗಡಿಯಿಂದ ಕೇಳಿ ತರುವ ಮಿಶ್ರ ಮುಲಾಮುಗಳು. ತೀವ್ರ ಸ್ಟೀರಾಯ್ಡ್, ಪ್ರತಿಜೈವಿಕ, ಶಿಲೀಂಧ್ರನಾಶಕಗಳನ್ನು ಒಟ್ಟಿಗೆ ಬೆರೆಸಿದ ಇವು ತುರಿಕೆಯನ್ನು ತಾತ್ಕಾಲಿಕವಾಗಿ ಅಡಗಿಸುತ್ತವೆ, ಹುಳುಕಡ್ಡಿಯನ್ನು ಒಳಗೊಳಗೇ ಹಬ್ಬಿಸುತ್ತವೆ, ಚರ್ಮವನ್ನು ತೆಳ್ಳಗೆ ಮಾಡುತ್ತವೆ. ಭಾರತದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಚರ್ಮರೋಗವಿದ್ದ 2926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದದ್ದು ಕಂಡುಬಂತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಕಂದು ಚರ್ಮದವರಲ್ಲಿ ಮೆಲನೋಮ ಅಪರೂಪ. ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಬರುವುದೇ ಹೆಚ್ಚು. ಬರಿಗಾಲಿನಲ್ಲಿ ದುಡಿಯುವವರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ ಗಾಯವೆಂದೋ ಆಣಿಯೆಂದೋ ತಿಳಿದು ಬಿಟ್ಟುಬಿಡುವ ಸಾಧ್ಯತೆ ಇರುವುದರಿಂದ, ಮಚ್ಚೆಯ ಪರೀಕ್ಷೆಯಲ್ಲಿ ಪಾದಗಳನ್ನೂ ನೋಡಬೇಕು.

ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಿಂದ ಮುಂದಿನ ಹಂತದ ಪರೀಕ್ಷೆಗೆ 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಲ್ಲೆಯಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲಿರುವ ನರಗುಂದದವರಿಗೆ ಹುಬ್ಬಳ್ಳಿಯೂ ದೂರವಲ್ಲ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾದ ಅಲ್ಲಿನ ಸಂಸ್ಥೆ ಇಡೀ ಉತ್ತರ ಕರ್ನಾಟಕಕ್ಕೆ ದೊಡ್ಡಾಸ್ಪತ್ರೆಯಾಗಿ ಬೆಳೆದಿದೆ.

ಇಂದಿನ ಸ್ಥಿತಿ

ಮೇಯರ್ಸನ್ ವಿದ್ಯಮಾನ ವಿರಳವೆಂದು ಪಠ್ಯಗಳು ಹೇಳುತ್ತವೆ. ತಾನಾಗಿ ಗುಣವಾಗುವ ಸ್ಥಿತಿಯಾದ್ದರಿಂದ ಅನೇಕರು ವೈದ್ಯರ ಬಳಿಗೆ ಹೋಗುವುದೇ ಇಲ್ಲ. ದಾಖಲಾದ ಸಂಖ್ಯೆ ನಿಜಸಂಖ್ಯೆಗಿಂತ ಕಡಿಮೆ ಇರುವುದು ಸಂಭವನೀಯ. ಡರ್ಮೊಸ್ಕೋಪ್ ಬಳಕೆ ಹೆಚ್ಚಿದ ಮೇಲೆ ಮಚ್ಚೆಯನ್ನು ಕತ್ತರಿಸದೆ ಗುರುತಿಸುವುದು ಸುಲಭವಾಗಿದೆ. ಯಾವ ಪ್ರತಿಜನಕ ಉರಿಯೂತವನ್ನು ಆರಂಭಿಸುತ್ತದೆ, ಹಲವು ಮಚ್ಚೆಗಳಲ್ಲಿ ಕೆಲವನ್ನೇ ಅದು ಏಕೆ ಹಿಡಿಯುತ್ತದೆ ಎಂಬ ಪ್ರಶ್ನೆಗಳು ಸಂಶೋಧನೆಯ ವಿಷಯಗಳಾಗಿ ಉಳಿದಿವೆ.

ನಿರ್ವಹಣೆಯ ಕ್ರಮದಲ್ಲಿ ಮಾತ್ರ ತಜ್ಞರಲ್ಲಿ ವ್ಯಾಪಕ ಒಮ್ಮತವಿದೆ. ಮೊದಲು ಇಸಬನ್ನು ಶಮನಗೊಳಿಸಬೇಕು, ಬಳಿಕ ಮಚ್ಚೆಯನ್ನು ಮತ್ತೆ ಪರೀಕ್ಷಿಸಬೇಕು. ಸಹಜವಾಗಿದ್ದರೆ ಅದನ್ನು ಹಾಗೆಯೇ ಬಿಡಬಹುದು. ಚಿಕಿತ್ಸೆಗೆ ಇಸಬು ಮಣಿಯದಿದ್ದರೆ, ಅಥವಾ ಇಸಬು ಇಳಿದ ಮೇಲೂ ಮಚ್ಚೆಯ ಆಕಾರ, ಅಂಚು, ಬಣ್ಣಗಳಲ್ಲಿ ಅನುಮಾನ ಉಳಿದರೆ, ಅದನ್ನು ಪೂರ್ತಿಯಾಗಿ ತೆಗೆದು ಸೂಕ್ಷ್ಮದರ್ಶಕ ಪರೀಕ್ಷೆಗೆ ಒಳಪಡಿಸಬೇಕು.